ಟವರಿನ ಭಯ, ವೆಲ್ಡಿಂಗಿನ ಬೆಳಕು

ಮಂಡ್ಯದ ಕಡೆಯ ಗೆಳೆಯರು ಕಳುಹಿಸಿದ ಕರಪತ್ರವೊಂದು ನಮ್ಮ ಮೇಜಿನ ಮೇಲಿದೆ. ಮನೆಗಳ ನಡುವೆ ನಿಂತ ಮೊಬೈಲ್ ಟವರಿನಿಂದ ಜೇನು ನಾಶವಾಯಿತು, ತೆಂಗಿನ ಹರಳು ಉದುರಿತು, ಊರಿಗೆ ಕ್ಯಾನ್ಸರ್ ಬಂತು ಎಂಬುದು ಅದರ ಒಕ್ಕಣೆ. ಇದನ್ನು ಪತ್ರಿಕೆಯೊಡನೆ ಹಂಚಬೇಕೆಂಬುದು ಅವರ ಕೋರಿಕೆ. ನಾವು ಹಂಚುತ್ತಿಲ್ಲ. ಮದ್ದೂರು, ಮಳವಳ್ಳಿಗಳ ಸಂಗಾತಿಗಳಿಗೂ ಇದರಿಂದ ಬೇಸರವಾಗಬಹುದಾದ್ದರಿಂದ ಕಾರಣ ಹೇಳುವುದು ನಮ್ಮ ಹೊಣೆ.

ಮೊದಲು ಜೇನಿನ ಮಾತು. ನಮ್ಮ ಪೆಟ್ಟಿಗೆಗಳ ತುಡುವೆ ಜೇನು ಸಾಮೂಹಿಕವಾಗಿ ಸತ್ತದ್ದು 1991–92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗದಿಂದ. ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈನಲ್ಲಿ. ಇನ್ನು ತೆಂಗನ್ನು ಹಿಂಡಿದ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಗಡಿ ದಾಟಿ ಬಂತು. ತೊಟ್ಟಿನ ಕೆಳಗೆ ಅಡಗಿ ರಸ ಹೀರುವ ಆ ಜೀವಿ ಬರಿಗಣ್ಣಿಗೆ ಕಾಣದು. ಟವರು ಎರಡು ಮೈಲಿ ದೂರದಿಂದಲೇ ಕಾಣುತ್ತದೆ. ಆರೋಪ ಅದರ ಮೇಲೆ ಬಿದ್ದುದರಲ್ಲಿ ಆಶ್ಚರ್ಯವಿಲ್ಲ.

ರೇಡಿಯೋ ಅಲೆ, ಮೈಕ್ರೋವೇವ್, ಅವಕೆಂಪು, ಬೆಳಕು, ನೇರಳಾತೀತ, ಕ್ಷ-ಕಿರಣ, ಗಾಮಾ ಇವೆಲ್ಲ ಒಂದೇ ವಿದ್ಯುತ್ಕಾಂತೀಯ ಕುಟುಂಬದವು. ಕಂಪನ ಹೆಚ್ಚಿದಂತೆ ಅಲೆಯ ಒಂದೊಂದು ಕಣದ ಶಕ್ತಿಯೂ ಹೆಚ್ಚುತ್ತದೆ. ಮೊಬೈಲಿನ ಅಲೆ ಮೈಯನ್ನು ಅಲ್ಪಸ್ವಲ್ಪ ಬಿಸಿ ಮಾಡಬಲ್ಲದು. ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಮುರಿಯುವ ಕಸುವು ಅದಕ್ಕಿಲ್ಲ. ಆ ಕೆಡುಕು ಶುರುವಾಗುವುದು ನೇರಳಾತೀತದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದ್ದು ನಿಜ, ಕರಪತ್ರವೂ ಅದನ್ನೇ ಎತ್ತಿ ಹೇಳುತ್ತದೆ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ.

ಆದರೆ ಸೂರ್ಯನ ವಿಕಿರಣ ಮತ್ತು ವೆಲ್ಡಿಂಗಿನ ನೇರಳಾತೀತ, ಎರಡೂ ಮೊದಲನೆಯ ಗುಂಪಿನಲ್ಲಿವೆ. ಅಂದರೆ ಸಂಶಯವೇ ಇಲ್ಲದವು. ಮಂಡ್ಯ–ಮದ್ದೂರು–ಮಳವಳ್ಳಿಯ ದಾರಿಗಳಲ್ಲಿ ಕಬ್ಬಿನ ಟ್ರೇಲರು, ಆಲೆಮನೆಯ ಗಾಣ, ಗೇಟು–ಕಿಟಕಿಗಳ ವೆಲ್ಡಿಂಗ್ ನಡೆಯುವುದು ರಸ್ತೆಯ ಅಂಚಿನಲ್ಲಿಯೇ. ಕೆಲಸ ಕಲಿಯುವ ಹುಡುಗ ಕಣ್ಣು ಕಿರಿದು ಮಾಡಿ, ಮುಖ ಓರೆ ಮಾಡಿ ಕಂಬಿ ಹಿಡಿದಿರುತ್ತಾನೆ. ಶಾಲೆಯಿಂದ ಬರುವ ಮಕ್ಕಳು ನಿಂತು ನೋಡುತ್ತಾರೆ. ಆಗ ಏನೂ ಅನ್ನಿಸದು. ಆರೇಳು ಗಂಟೆ ಕಳೆದು, ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ತುಂಬಿದಂತೆ ಉರಿ ಏಳುತ್ತದೆ, ನೀರು ಸುರಿಯುತ್ತದೆ. ಅದು ಕಣ್ಣಿನ ಪಾರದರ್ಶಕ ಪಟಲ ಸುಟ್ಟ ನೋವು. ಸಾಮಾನ್ಯ ತಂಪು ಕನ್ನಡಕ ಇದಕ್ಕೆ ಸಾಲದು. ವೆಲ್ಡಿಂಗಿಗೆಂದೇ ಇರುವ ಕಪ್ಪು ಗಾಜಿನ ಮುಖಕವಚ ಬೇಕು, ರಸ್ತೆಯ ಕಡೆಗೆ ಒಂದು ತಗಡಿನ ಮರೆ ಬೇಕು. ಇದರ ವಿರುದ್ಧ ಯಾರೂ ಕರಪತ್ರ ಬರೆದದ್ದನ್ನು ನಾನು ಕಂಡಿಲ್ಲ.

ಕ್ಷ-ಕಿರಣದಲ್ಲಿಯೂ ಪ್ರಮಾಣವೇ ಮುಖ್ಯ. ಎದೆಯ ಒಂದು ಚಿತ್ರದಲ್ಲಿ ಮೈಗೆ ತಗಲುವುದು ಸುಮಾರು 0.1 ಮಿಲಿಸೀವರ್ಟ್, ಹೊಟ್ಟೆಯ ಸಿ.ಟಿ. ಸ್ಕ್ಯಾನಿನಲ್ಲಿ ಅದರ ಹತ್ತಾರು ಪಟ್ಟು. ವೈದ್ಯರು ಬೇಕೆಂದರೆ ಮಾಡಿಸಿ, ನೀವಾಗಿ ಕೇಳಿ ಮಾಡಿಸಬೇಡಿ. ಗಾಮಾ ಕಿರಣ ಹಾಯಿಸಿದ ಮೇಲೆಯೇ 2007ರಲ್ಲಿ ನಮ್ಮ ಮಾವು ಅಮೆರಿಕಕ್ಕೆ ಹೊರಟಿತು, ಓಟೆಯೊಳಗಿನ ಹುಳು ಸಂತಾನ ಬೆಳೆಸದಂತೆ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೆಯ ಪ್ರಯೋಗಾಲಯದ ಯಂತ್ರದೊಳಗಿದ್ದ ಕೋಬಾಲ್ಟ್-60ರ ಅದೇ ಗಾಮಾ ಕಿರಣವೇ ಒಬ್ಬ ಕಾರ್ಮಿಕನ ಪ್ರಾಣ ತೆಗೆಯಿತು.

ಟವರಿನ ಬಗೆಗೆ ಪ್ರಶ್ನೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಕೋವಿಡ್ ಕಾಲದಲ್ಲಿ ಪಾಠ ಕೇಳಲು ಗುಡ್ಡದ ನೆತ್ತಿ ಹತ್ತಿದ ಮಕ್ಕಳ ಊರಿನಲ್ಲಿ ಕುಳಿತು ಟವರೇ ಬೇಡವೆನ್ನಲು ನಮಗೆ ಬಾಯಿ ಬಾರದು, ಅಷ್ಟೆ. ಕೇಂದ್ರ ಸರ್ಕಾರವು 2012ರ ಸೆಪ್ಟೆಂಬರಿನಲ್ಲಿ ಟವರುಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ, 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವ್ಯಾಟ್‌ಗೆ, ಇಳಿಸಿತು. ಜನರು ಟವರಿನ ವಿವರ ನೋಡಲೆಂದು 2017ರಲ್ಲಿ ‘ತರಂಗ ಸಂಚಾರ್’ ತಾಣವನ್ನೂ ತೆರೆಯಿತು. ಮಂಡ್ಯದ ಗೆಳೆಯರು ಅಳತೆಗೆ ಅರ್ಜಿ ಹಾಕಲಿ, ಜನರೇಟರಿನ ಹೊಗೆ–ಸದ್ದುಗಳ ಲೆಕ್ಕವನ್ನೂ ಕೇಳಲಿ. ಅಳತೆ ಮಿತಿ ಮೀರಿದ್ದು ಕಂಡುಬಂದರೆ ಆ ಅಂಕಿಯನ್ನು ಮುಂದಿನ ಸಂಚಿಕೆಯ ಮುಖಪುಟದಲ್ಲಿಯೇ ಅಚ್ಚು ಹಾಕುತ್ತೇವೆ.