ಗಾಳಿ ಬಂದಾಗ ತೂರಿಕೊಂಡವರು

ಕಣದಲ್ಲಿ ರಾಗಿ ತೂರುವುದನ್ನು ಕಣ್ಣಾರೆ ಕಂಡವರು ಕೆಂಗೇರಿ ಹೋಬಳಿಯಲ್ಲಿ ಇನ್ನೂ ಕೆಲವರಾದರೂ ಇದ್ದೀರಿ. ನಮ್ಮಜ್ಜ ಮೊರ ಎತ್ತುವ ಮುಂಚೆ ಒಂದು ಹಿಡಿ ಹೊಟ್ಟು ಹಾರಿಸಿ, ಗಾಳಿ ಎತ್ತಲಿಂದ ಎತ್ತ ಬೀಸುತ್ತಿದೆ ಎಂದು ನೋಡುತ್ತಿದ್ದ. ಆಮೇಲೆ ಮೊದಲ ಮಾತು ನಮಗೆ: "ಆ ಕಡೆ ನಿಂತ್ಕೋಬ್ಯಾಡ್ರೋ, ಈ ಕಡೆ ಬನ್ರೋ." ಕಾಳು ಅವನ ಕಾಲ ಬುಡದಲ್ಲೇ ಬೀಳುತ್ತಿತ್ತು. ಜೊಳ್ಳು ಒಂದು ಮಾರು ಆಚೆ, ಹೊಟ್ಟು ನಾಲ್ಕು ಮಾರು ಆಚೆ. ಸುಂಕು ಮಾತ್ರ ಎಲ್ಲಿ ಬಿತ್ತೆಂದು ಯಾರಿಗೂ ಕಾಣುತ್ತಿರಲಿಲ್ಲ. ರಾತ್ರಿ ಮಲಗಿದ ಮೇಲೆ ಮೈ ತುರಿಸಿದಾಗ ಗೊತ್ತಾಗುತ್ತಿತ್ತು.

ಆ ಕಣ ಇದ್ದ ಜಾಗದಲ್ಲಿ ಈಗ ಬಡಾವಣೆಯ ಚರಂಡಿ. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯೊಂದು ಉಳಿದಿದೆ, ಅದನ್ನೂ ಸೈಟು ಕೊಳ್ಳುವಾಗ ಹೇಳುತ್ತೇವೆ. ಊರಿಗೆ ಊರೇ ತೂರಿಕೊಂಡಿತು, ನಾನೂ ತೂರಿಕೊಂಡೆ. ತೂರಿದ್ದು ಯಾರ ಮೇಲೆ ಬಿತ್ತು ಎಂದು ಈಗಲಾದರೂ ಕೇಳಿಕೊಳ್ಳೋಣ.

ಲಾರಿ ಹೋದ ಮೇಲೆ ಏಳುವ ಕೆಂದೂಳು ಕಣ್ಣಿಗೆ ಕಾಣುತ್ತದೆ. ಅದರ ದಪ್ಪ ಪಾಲು ಮೂಗಿನಲ್ಲೋ ಗಂಟಲಲ್ಲೋ ನಿಲ್ಲುತ್ತದೆ, ಸೀನಿದರೆ ಕ್ಯಾಕರಿಸಿದರೆ ಹೋಗುತ್ತದೆ. ಪಿಎಂ 2.5 ಎನ್ನುತ್ತಾರಲ್ಲ, ಅದು ಸುಂಕಿನ ಜಾತಿ. ಅಡ್ಡಳತೆ ಎರಡೂವರೆ ಮೈಕ್ರೋಮೀಟರಿಗಿಂತ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತರಲ್ಲಿ ಒಂದು ಪಾಲು. ಮೂಗು ಅದನ್ನು ತಡೆಯಲಾರದು. ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿಗೆ ಇಳಿದು, ಅದರಲ್ಲೂ ತೀರ ಸಣ್ಣದು ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಆದ್ದರಿಂದಲೇ ಇದು ಬರೀ ಕೆಮ್ಮಿನ ಮಾತಲ್ಲ; ಹೃದಯಾಘಾತದ್ದು, ಲಕ್ವದ್ದು, ತೂಕ ಕಡಿಮೆಯಿರುವ ಕೂಸುಗಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2013ರಲ್ಲೇ ಹೊರಗಾಳಿಯ ಮಾಲಿನ್ಯವನ್ನು ತಂಬಾಕಿನ ಹೊಗೆ ಇರುವ ಪಟ್ಟಿಗೇ ಸೇರಿಸಿತು.

ಇನ್ನು ನಮ್ಮ ಜಾಗದ ಮಾತು. ಬೆಂಗಳೂರಿನ ನಡುಭಾಗದಿಂದ ನೋಡಿದರೆ ಕೆಂಗೇರಿ ನೈಋತ್ಯಕ್ಕಿದೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ನಾವು ನಂಬಿರುವ ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿಯ ಆಚೆ ಬೈರಮಂಗಲ ಕೆರೆ ಸೇರುತ್ತದೆ. ನಗರ ತೊಳೆದದ್ದೆಲ್ಲ ಆ ಹೊಳೆಯಲ್ಲಿ ನಮ್ಮ ಮುಂದೆ ಹಾದುಹೋಗುತ್ತದೆ. ಅದಕ್ಕಾದರೂ ನಾವು ಬೈದಿದ್ದೇವೆ, ಮನವಿ ಕೊಟ್ಟಿದ್ದೇವೆ, ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡಿದ್ದೇವೆ. ಆದರೆ ದೀಪಾವಳಿ ಕಳೆದು ಮೂಡಲಗಾಳಿ ಶುರುವಾದ ಮೇಲೆ ಸಂಕ್ರಾಂತಿ ದಾಟುವವರೆಗೂ ನಮ್ಮ ತಲೆಯ ಮೇಲೆ ಇನ್ನೊಂದು ವೃಷಭಾವತಿ ಹರಿಯುತ್ತದೆ. ನಗರದ ಹೊಗೆ ಈಶಾನ್ಯದ ಗಾಳಿ ಹಿಡಿದು ಇತ್ತಲೇ ಬರುತ್ತದೆ. ಅದಕ್ಕೆ ನಾತ ಕಡಿಮೆ, ನೊರೆ ಇಲ್ಲ. ಹಾಗಾಗಿ ಅದರ ಬಗ್ಗೆ ಒಂದು ಅರ್ಜಿಯನ್ನೂ ನಾವು ಬರೆಯಲಿಲ್ಲ.

ಇದರಲ್ಲಿ ಇನ್ನೊಂದು ಮೋಸವಿದೆ. ವಾಹನದ ಕೊಳವೆಯಿಂದ, ಜನರೇಟರಿನಿಂದ, ಕಾರ್ಖಾನೆಯ ಚಿಮಣಿಯಿಂದ ಹೊರಡುವ ಗಂಧಕದ, ಸಾರಜನಕದ ಅನಿಲಗಳು ದಾರಿಯಲ್ಲಿ ಬಿಸಿಲು, ತೇವ, ಅಮೋನಿಯಾಗಳ ಜೊತೆ ಕೂಡಿ ಕಣಗಳಾಗುತ್ತವೆ. ಹೊರಟಾಗ ಅನಿಲ, ತಲುಪುವ ಹೊತ್ತಿಗೆ ಸುಂಕು. ಹೊಗೆ ಎಬ್ಬಿಸಿದ ಬೀದಿಯಲ್ಲಿ ಅಳೆದರೆ ಇಷ್ಟೂ ಸಿಕ್ಕುವುದಿಲ್ಲ, ಗಾಳಿ ಹೋದ ಕಡೆ ಸಿಗುತ್ತದೆ. ಚಳಿಗಾಲದ ನಸುಕಿನಲ್ಲಂತೂ ನೆಲದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಹೊಗೆ ಮೇಲೇಳದೆ ಕೆಳಗೇ ಕೂರುತ್ತದೆ. ಅದನ್ನು ಮಂಜು ಎಂದುಕೊಂಡು, ಮಂಕಿ ಟೋಪಿ ಹಾಕಿ, ಕೆಂಗೇರಿ ಉಪನಗರದ ಪಾರ್ಕಿನಲ್ಲಿ ನಾವು ಆರೋಗ್ಯಕ್ಕಾಗಿ ನಡೆಯುತ್ತೇವೆ. ಅದೇ ಹೊತ್ತಿಗೆ ಪಕ್ಕದಲ್ಲಿ ಪೌರಕಾರ್ಮಿಕ ತಾಯಂದಿರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ರಸ್ತೆ ಗುಡಿಸುತ್ತಿರುತ್ತಾರೆ. ಸುಂಕಿಗೆ ಸೆರಗು ಯಾವ ಲೆಕ್ಕ?

ಇಷ್ಟು ಹೇಳಿದರೆ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: "ಬಿಡಿ ಸಾರ್, ದಿಲ್ಲಿಗಿಂತ ವಾಸಿ." ನನಗೆ ಸಿಟ್ಟು ಬರುವುದು ಈ ಮಾತಿಗೇ. ಪಿಎಂ 2.5ಕ್ಕೆ ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 5. ಬೆಂಗಳೂರು ಸಾಮಾನ್ಯವಾಗಿ ಈ ಎರಡರ ನಡುವೆ ಇದೆ, ಆದರೆ 5ರ ಹಲವು ಪಟ್ಟು ಮೇಲೆ. ಇಷ್ಟಕ್ಕಿಂತ ಕಡಿಮೆಯಾದರೆ ಭಯವಿಲ್ಲ ಎನ್ನುವ ಗೆರೆ ಈವರೆಗೆ ವಿಜ್ಞಾನಕ್ಕೆ ಸಿಕ್ಕಿಲ್ಲ. ಪಕ್ಕದ ಮನೆಯವನಿಗೆ ಎರಡು ಹೊತ್ತಿನ ಊಟ ತಪ್ಪಿದೆ, ನನ್ನ ಮಗುವಿಗೆ ಒಂದೇ ಹೊತ್ತು ತಪ್ಪಿದ್ದು ಎಂದು ಯಾವ ತಾಯಿಯಾದರೂ ಸಮಾಧಾನಪಟ್ಟದ್ದುಂಟೇ?

ಲಂಡನ್ನಿನಲ್ಲಿ ದೊಡ್ಡ ರಸ್ತೆಯೊಂದರ ಹತ್ತಿರ ಎಲಾ ಕಿಸ್ಸಿ-ಡೆಬ್ರಾ ಎಂಬ ಹುಡುಗಿ ಇದ್ದಳು. ಉಬ್ಬಸದಿಂದ 2013ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ತಾಯಿ ಸುಮ್ಮನಾಗಲಿಲ್ಲ. ಮರುವಿಚಾರಣೆ ನಡೆದು, 2020ರ ಡಿಸೆಂಬರಿನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಬರೆದರು. ಆ ಊರೂ ದಿಲ್ಲಿಗಿಂತ ವಾಸಿಯೇ. ನಮ್ಮಲ್ಲಿ ಮೈಸೂರು ರಸ್ತೆಯುದ್ದಕ್ಕೂ ನೆಬುಲೈಸರ್ ಹಿಡಿದು ಕೂತ ಮಕ್ಕಳ ಮನೆಗಳಿವೆ. ಅವರ ಚೀಟಿಯಲ್ಲಿ "ಅಲರ್ಜಿ" ಎಂದಿರುತ್ತದೆ.

ಇದೇ ಮೈಸೂರು ರಸ್ತೆಯಲ್ಲಿ, ಬ್ಯಾಟರಾಯನಪುರದಲ್ಲಿ, ಗಾಳಿ ಆಂಜನೇಯನ ಗುಡಿಯಿದೆ. ವ್ಯಾಸರಾಯರು ಪ್ರತಿಷ್ಠಾಪಿಸಿದ್ದೆಂದು ಪ್ರತೀತಿ. ಹೊಸ ಗಾಡಿ ಕೊಂಡವರು ಪೂಜೆಗೆ ಅಲ್ಲಿಗೇ ಬರುತ್ತಾರೆ. ಚಕ್ರದಡಿ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ವಾಯುಪುತ್ರನ ಎದುರಿಗೇ ಇಂಜಿನ್ ಚಾಲೂ ಮಾಡುತ್ತೇವೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ಮಗನ ಎದುರಿಗೆ ಅಪ್ಪನನ್ನು ಹೀಗೆ ನಡೆಸಿಕೊಂಡರೆ ಮಗ ಸುಮ್ಮನಿರುತ್ತಾನೆಯೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ಮಾಲಿನ್ಯದ ಅಂಕಿ ತೋರಿಸುವ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆಪ್‌ಗೂ "ಸಮೀರ್" ಎಂದೇ ಹೆಸರು. ಹೆಸರಿಡುವುದರಲ್ಲಿ ನಮಗೆ ಬಡತನವಿಲ್ಲ.

ಈವರೆಗೆ ಬೈದದ್ದು ಗಾಳಿ ಬರುವ ಕಡೆಯ, ನಮ್ಮ ಮೇಲ್ಗಡೆಯವರನ್ನು. ಗಾಳಿ ಹೋಗುವ ಕಡೆ, ನಮ್ಮ ಕೆಳಗಡೆಯೂ ಜನರಿದ್ದಾರೆ. ಮೂಡಲಗಾಳಿ ಕೆಂಗೇರಿಯಲ್ಲಿ ನಿಲ್ಲುವುದಿಲ್ಲ; ಕುಂಬಳಗೋಡಿನ ಕಾರ್ಖಾನೆಗಳ ಹೊಗೆಯನ್ನೂ ಕಟ್ಟಿಕೊಂಡು ಬಿಡದಿಗೆ, ರಾಮನಗರಕ್ಕೆ ಹೋಗುತ್ತದೆ. (ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರಿಗಿಂತ ಮುಂಚೆ ನಮ್ಮ ಹೊಗೆ ಅಲ್ಲಿಗೆ ತಲುಪಿತ್ತು.) ಅದು ರೇಷ್ಮೆಯ ಸೀಮೆ. ರಸ್ತೆ ಬದಿಯ, ಕ್ರಷರ್ ಬದಿಯ ತೋಟದಲ್ಲಿ ದೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ತಿಳಿದ ರೈತ ಹುಳುವಿಗೆ ಹಾಕುವುದಿಲ್ಲ. ಹುಳುಮನೆಯೊಳಗೆ ಬೀಡಿ ಹಚ್ಚಲು ಬಿಡುವುದಿಲ್ಲ. ಪೊರೆ ಬಿಡಲು ಜ್ವರಕ್ಕೆ ಕೂತ ಹುಳುವನ್ನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಾನೆ. ತಿಂಗಳೂ ಬಾಳದ ಒಂದು ಹುಳುವಿಗೆ ಅವನು ಕೊಡುವ ಗಾಳಿಯನ್ನು ನಾವು ಎಂಬತ್ತು ವರ್ಷ ಬಾಳಬೇಕಾದ ಅವನ ಮಗಳಿಗೆ ಕೊಡುತ್ತಿಲ್ಲ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಮೆಟ್ರೋ ಕೆಂಗೇರಿಗೆ ಬಂದದ್ದು 2021ರ ಆಗಸ್ಟಿನಲ್ಲಿ. ನಿಲ್ದಾಣ ನಮ್ಮ ಮನೆಯಿಂದ ನಡಿಗೆಯಲ್ಲಿ ಹತ್ತು ನಿಮಿಷ. ಎರಡು ವರ್ಷ ಸ್ಕೂಟರಿನಲ್ಲೇ ಹೋದೆ. ಮನೆ ಮುಂದಿನ ಹೊಂಗೆಯ ಎಲೆ ಉದುರಿದಾಗ ಗುಡ್ಡೆ ಮಾಡಿ, ಅದರೊಳಗೆ ಹಾಲಿನ ಕವರುಗಳಿರುವುದು ಕಂಡೂ, ಕಡ್ಡಿ ಗೀರಿದವನು ನಾನೇ. ಆಚೆಮನೆಯ ಹುಡುಗ ಕಿಟಕಿ ಮುಚ್ಚಿದ. ಆ ಸದ್ದು ಕೇಳಿಸಿತು, ಕೇಳಿಸದ ಹಾಗೆ ಒಳಗೆ ಹೋದೆ. ನಮ್ಮಜ್ಜ ಇದ್ದಿದ್ದರೆ ಎರಡು ಬಿಗಿಯುತ್ತಿದ್ದ, ಗಾಳಿ ನೋಡದೆ ಬೆಂಕಿ ಇಟ್ಟದ್ದಕ್ಕೆ ಒಂದು, ಗೊಬ್ಬರ ಸುಟ್ಟದ್ದಕ್ಕೆ ಇನ್ನೊಂದು. ತಿಪ್ಪೆಗೆ ಬೆಂಕಿ ಇಡುವ ರೈತನನ್ನು ಯಾರಾದರೂ ಕಂಡಿದ್ದೀರಾ?

ಕಾನೂನು ಇಲ್ಲವೆಂದಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಕಸದ ವಿಷಯದಲ್ಲಿ 1996ರಲ್ಲಿ ಹೂಡಿದ ಮೊಕದ್ದಮೆ ಬೆಳೆದು, 2016ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ದೇಶಕ್ಕೇ ನಿಷೇಧಿಸಿತು. ದಂಡ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಬಂತು, ಬೆಂಗಳೂರು ಅದರಲ್ಲಿದೆ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯೂ ಇವೆ. ಆದರೆ ಅದರಲ್ಲಿ ಸಾಧನೆ ಅಳೆಯುವುದು ಹೆಚ್ಚಾಗಿ ಪಿಎಂ 10 ಲೆಕ್ಕದಲ್ಲಿ, ದಪ್ಪ ದೂಳಿನಲ್ಲಿ. ಹೊಟ್ಟು ಗುಡಿಸಿ ಸುಂಕನ್ನು ಬಿಟ್ಟಂತಾಯಿತು. ಬೆಂಗಳೂರಿನ ಪಾಲಿಕೆ ಒಂದಿದ್ದದ್ದು 2025ರ ಸೆಪ್ಟೆಂಬರಿನಲ್ಲಿ ಐದಾಯಿತು. ಗಾಳಿಗೆ ಆ ಗಡಿಗಳ ನಕ್ಷೆ ಯಾರೂ ಕೊಟ್ಟಿಲ್ಲ.

ಆದ್ದರಿಂದ ಅಧಿಕಾರದಲ್ಲಿ ಕೂತವರನ್ನು ಕೇಳೋಣ, ಜೋರಾಗಿಯೇ ಕೇಳೋಣ. ಬಾಪೂಜಿನಗರದಲ್ಲಿ, ಮೈಲಸಂದ್ರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಯಂತ್ರಗಳಿವೆ. ಅವು ಹೇಳುವ ಅಂಕಿಯನ್ನು ಕೆಂಗೇರಿ ಬಸ್ ನಿಲ್ದಾಣದಲ್ಲಿ ಬಸ್ಸಿನ ನಂಬರಿನಷ್ಟು ದೊಡ್ಡದಾಗಿ ಬರೆಯಿರಿ. ಬಿಡದಿಯಲ್ಲೂ ಒಂದು ಯಂತ್ರ ಇಡಿ. ಟಾರ್ಪಾಲು ಹೊದಿಸದ ಜಲ್ಲಿ ಲಾರಿಯನ್ನು ನೈಸ್ ರಸ್ತೆ ಕೂಡುವಲ್ಲಿ ತಡೆಯಿರಿ. ಪೌರಕಾರ್ಮಿಕರ ಕೈಗೆ ಕಡ್ಡಿಪೆಟ್ಟಿಗೆ ಅಲ್ಲ, ಎಲೆ ಸುರಿಯಲು ಜಾಗ ಕೊಡಿ. ಬಸ್ಸು ಹೆಚ್ಚಿಸಿ, ಮೆಟ್ರೋ ಇಳಿದವರು ನಡೆಯಲು ಫುಟ್‌ಪಾತ್ ಬಿಡಿಸಿಕೊಡಿ.

ಆದರೆ ಅರ್ಜಿಗೆ ರುಜು ಹಾಕುವ ಕೈಯಲ್ಲಿ ಹೊಗೆಯ ವಾಸನೆ ಇರಬಾರದು. ಶಾಲೆಯ ಗೇಟಿನ ಮುಂದೆ ಎ.ಸಿ. ಹಾಕಿಕೊಂಡು ಇಂಜಿನ್ ಆರಿಸದೆ ಕಾಯುತ್ತೇವಲ್ಲ, ಆ ಹೊಗೆ ಮೊದಲು ಸೇರುವುದು ನಮ್ಮ ಮಗುವಿನ ಎತ್ತರದಲ್ಲಿರುವ ಮೂಗಿಗೆ. ಹಳೆ ಮನೆ ಒಡೆಸಿದ ಗಾರೆಯನ್ನು ರಾತ್ರೋರಾತ್ರಿ ವೃಷಭಾವತಿಯ ದಂಡೆಗೆ ಸುರಿಸುತ್ತೇವೆ, ಬೇಸಿಗೆಯಲ್ಲಿ ಅದೇ ದೂಳಾಗಿ ಮನೆಗೆ ಮರಳುತ್ತದೆ. ಮೇಲ್ಗಡೆಯವರನ್ನು ಪ್ರಶ್ನಿಸುವ ನಾವು ಬಿಡದಿಯವರಿಗೆ ಮೇಲ್ಗಡೆಯವರು. ಅವರು ನಮ್ಮ ಬಾಗಿಲಿಗೆ ಬಂದು ಕೇಳಿದರೆ ಏನು ಹೇಳೋಣ, ಯಶವಂತಪುರ ನಮಗಿಂತ ಕೆಟ್ಟದ್ದು ಎಂದೇ?

ನಮ್ಮ ಬೀದಿಯ ಕೊನೆಯಲ್ಲಿ, ಪಾರ್ಕಿನ ಮೂಲೆಯಲ್ಲಿ, ಎಲೆಗೊಬ್ಬರಕ್ಕೆ ಎರಡು ಗುಂಡಿ ತೋಡಬೇಕೆಂದಿದ್ದೇವೆ, ಭಾನುವಾರ ಬೆಳಗ್ಗೆ ಬಿಸಿಲೇರಿದ ಮೇಲೆ, ಒಂಬತ್ತಕ್ಕೆ. ಕಿಟಕಿ ಮುಚ್ಚಿದ ಆ ಹುಡುಗನನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾನೆ. ಗುದ್ದಲಿ ನಮ್ಮನೆಯಲ್ಲಿದೆ. ಮಂಕರಿ ಇದ್ದವರು ತನ್ನಿ.