ಒಂದೇ ಸಾಲಿನಲ್ಲಿ ಕನ್ನಡದ ಕೀಲಿಮಣೆ

ನಿಮ್ಮ ಮಕ್ಕಳು ಊರಿನ ಅಜ್ಜಿಗೆ ಕಳಿಸುವ ಸಂದೇಶಗಳನ್ನು ಒಮ್ಮೆ ನೋಡಿ. ‘ಊಟ ಆಯ್ತಾ ಅಜ್ಜಿ’ ಅನ್ನುವುದೂ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ. ಫೋನಿನಲ್ಲಿ ಲಿಪ್ಯಂತರದ ಸೌಲಭ್ಯ ಹಾಕಿಕೊಟ್ಟರೆ ಪರದೆಯ ಮೇಲೆ ಕನ್ನಡ ಬರುತ್ತದೆ, ನಿಜ. ಆದರೆ ಮಗು ಒತ್ತಿದ್ದು ಇಂಗ್ಲಿಷನ್ನೇ, ಕನ್ನಡ ಪದ ಆರಿಸಿಕೊಟ್ಟದ್ದು ಯಂತ್ರ. ಮಾತು ಚೆನ್ನಾಗಿ ಬಂದರೂ ಒತ್ತಕ್ಷರ ಕಂಡರೆ ತಡವರಿಸುವ ಮಕ್ಕಳಿಗೆ ಇದರಿಂದ ಅಕ್ಷರದ ಒಡನಾಟ ಬೆಳೆಯುವುದಿಲ್ಲ.

ಬೇರೆ ದಾರಿಯಿದೆ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿ. ಅದರಲ್ಲಿ ‘ಕಗಪ’ ಕೀಲಿಮಣೆ ಮೊದಲೇ ಇರುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇದು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ ಈ ಹೆಸರು ಬಂತು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಹಾಗಾಗಿ ಕೀಲಿಗಳ ಮೇಲೆ ಕನ್ನಡದ ಸ್ಟಿಕ್ಕರ್ ಬೇಕಿಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿಯೂ ಇದನ್ನು ಹಾಕಬಹುದು. ಆದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ತಾನೇ ಆಜ್ಞೆ ಬರೆದು ಕಂಪ್ಯೂಟರನ್ನು ಕನ್ನಡಕ್ಕೆ ತಿರುಗಿಸುವ ಖುಷಿ ಮಕ್ಕಳಿಗೆ ಬೇರೆಯೇ. ಲಾಗ್ ಔಟ್ ಆದರೆ ಎಲ್ಲ ಮೊದಲಿನಂತೆ, ಆದ್ದರಿಂದ ಕೆಡುವ ಭಯವೂ ಇಲ್ಲ.

ಇಡೀ ಆಜ್ಞೆ ಒಂದೇ ಸಾಲು, ಎಲ್ಲವೂ ಸಣ್ಣಕ್ಷರ. ನಾಲ್ಕು ಭಾಗಗಳ ನಡುವೆ ಒಂದೊಂದು ಖಾಲಿ ಜಾಗ ಬಿಡಿ:

1. ಆಜ್ಞೆಯ ಹೆಸರು: ಎಸ್-ಇ-ಟಿ-ಎಕ್ಸ್-ಕೆ-ಬಿ-ಎಂ-ಎ-ಪಿ, ನಡುವೆ ಜಾಗವಿಲ್ಲದೆ.

2. ಅಡ್ಡಗೆರೆ ಹಾಕಿ ‘ಲೇಔಟ್’ ಪದ, ಜಾಗ, ಆಮೇಲೆ ಯು-ಎಸ್, ಅಲ್ಪವಿರಾಮ, ಐ-ಎನ್. ಅಂದರೆ ಮೊದಲು ಅಮೆರಿಕದ್ದು, ನಂತರ ಭಾರತದ್ದು.

3. ಅಡ್ಡಗೆರೆ ಹಾಕಿ ‘ವೇರಿಯಂಟ್’ ಪದ, ಜಾಗ, ಆಮೇಲೆ ಅಲ್ಪವಿರಾಮದಿಂದ ಶುರುಮಾಡಿ ಕೆ-ಎ-ಎನ್, ಅಡ್ಡಗೆರೆ, ಕೆ-ಎ-ಜಿ-ಎ-ಪಿ-ಎ. ಮೊದಲಿನ ಅಲ್ಪವಿರಾಮದ ಅರ್ಥ: ಇಂಗ್ಲಿಷಿಗೆ ವಿಶೇಷ ರೂಪ ಬೇಡ.

4. ಅಡ್ಡಗೆರೆ ಹಾಕಿ ‘ಆಪ್ಷನ್’ ಪದ, ಜಾಗ, ಆಮೇಲೆ ಜಿ-ಆರ್-ಪಿ, ಕೋಲನ್ ಚಿಹ್ನೆ, ನಂತರ ‘ಆಲ್ಟ್’, ‘ಶಿಫ್ಟ್’, ‘ಟಾಗಲ್’ ಪದಗಳು, ಅವುಗಳ ನಡುವೆ ಅಂಡರ್‌ಸ್ಕೋರ್.

ಎಂಟರ್ ಒತ್ತಿ. ಇನ್ನು ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದಾಗಲೆಲ್ಲ ಭಾಷೆ ಬದಲಾಗುತ್ತದೆ.

ಎರಡನೇ ಭಾಗದಲ್ಲಿ ಇಂಗ್ಲಿಷನ್ನು ಮಾತ್ರ ಬಿಡಬೇಡಿ. ಕನ್ನಡ ಒಂದನ್ನೇ ಕೊಟ್ಟರೆ ವಾಪಸ್ ಬರುವ ಆಜ್ಞೆಯನ್ನು ಬರೆಯಲು ಇಂಗ್ಲಿಷ್ ಅಕ್ಷರವೇ ಸಿಗುವುದಿಲ್ಲ! ಪಾಸ್‌ವರ್ಡ್ ತಪ್ಪು ಎಂದು ಬಂದರೂ ಮೊದಲು ಭಾಷೆ ಯಾವುದಿದೆ ನೋಡಿ. ಜರ್ಮನಿಯಲ್ಲಿರುವವರು ಯು-ಎಸ್ ಬದಲು ಡಿ-ಇ ಬರೆಯಿರಿ. ಅಲ್ಲಿನ ಕೀಲಿಮಣೆಯಲ್ಲಿ ವೈ ಮತ್ತು ಝೆಡ್ ಅದಲುಬದಲು. ಕನ್ನಡದ ಅಕ್ಷರ ಕೂರುವುದು ಕೀಲಿಯ ಸ್ಥಾನದ ಲೆಕ್ಕದಲ್ಲಿ, ಹಾಗಾಗಿ ‘ಯ’ ಅಲ್ಲಿ ಝೆಡ್ ಎಂದು ಅಚ್ಚಾದ ಕೀಲಿಯಲ್ಲಿರುತ್ತದೆ.

ಈಗ ಬರೆಯುವ ಸರದಿ. ಟರ್ಮಿನಲ್ಲಿನಲ್ಲಿ ಬೇಡ, ಅದು ಪ್ರತಿ ಅಕ್ಷರಕ್ಕೂ ಅಳತೆಯ ಚೌಕ ಕೊಡುವುದರಿಂದ ಒತ್ತಕ್ಷರಗಳು ಹಲವೊಮ್ಮೆ ಒಡೆದು ಕಾಣುತ್ತವೆ. ಮಗು ತಾನೇ ತಪ್ಪು ಮಾಡಿದೆ ಅಂದುಕೊಂಡೀತು. ಟೆಕ್ಸ್ಟ್ ಎಡಿಟರ್ ತೆರೆಯಿರಿ.

‘ಅಜ್ಜಿ’ ಬರೆಯಲು ಎ, ಜೆ, ಎಫ್, ಜೆ, ಐ. ಇಲ್ಲಿ ಎಫ್ ಅಂದರೆ ಅರ್ಧಾಕ್ಷರದ ಚಿಹ್ನೆ. ಒತ್ತು ಎನ್ನುವುದು ಕೆಳಗೆ ನೇತುಬಿದ್ದ ಚಿತ್ರವಲ್ಲ, ಎರಡು ವ್ಯಂಜನಗಳು ಸ್ವರವಿಲ್ಲದೆ ಕೂಡಿದ್ದು ಎಂಬುದು ಮಗುವಿನ ಬೆರಳಿಗೇ ತಿಳಿಯುತ್ತದೆ. ಇನ್ನು ‘ಸೂರ್ಯ’ ಬರೆಸಿ: ಎಸ್, ಶಿಫ್ಟ್ ಜೊತೆ ಯು, ಆರ್, ಎಫ್, ವೈ. ಕಾಗದದ ಮೇಲೆ ಅರ್ಕಾವೊತ್ತು ‘ಯ’ ಆದಮೇಲೆ ಬರುತ್ತದೆ, ಅದಕ್ಕೇ ಮಕ್ಕಳು ಓದುವಾಗ ಎಡವುತ್ತಾರೆ. ಕೀಲಿಮಣೆಯಲ್ಲಿ ಮಾತ್ರ ಬಾಯಲ್ಲಿ ಹೇಳಿದ ಕ್ರಮದಲ್ಲೇ ‘ರ’ ಮೊದಲು. ‘ಇಡ್ಲಿ’ಯಂತೆ ಸ್ವರದಿಂದಲೇ ಶುರುವಾಗುವ ಪದಗಳಿಗೆ ಬಲಗಡೆಯ ಆಲ್ಟ್ ಹಿಡಿದು ಐ ಒತ್ತಬೇಕು.

ಮೊದಮೊದಲು ಒಂದು ಸಾಲಿಗೆ ಬಹಳ ಹೊತ್ತು ಹಿಡಿಯುತ್ತದೆ. ಪಕ್ಕದಲ್ಲಿ ಕೂತು ತಾಳ್ಮೆಯಿಂದ ನೋಡಿ, ಕೀಲಿಮಣೆಗೆ ಕೈ ಹಾಕಬೇಡಿ. ತಪ್ಪಿದ್ದರೂ ತಿದ್ದದೆ ಹಾಗೇ ಕಳಿಸಲು ಬಿಡಿ. ಕಾಗುಣಿತ ತಪ್ಪಿದ ಪತ್ರವನ್ನೂ ಅಜ್ಜಿ ಎರಡು ಸಲ ಓದುತ್ತಾರೆ.

ಈ ವಾರದ ಕೆಲಸ: ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಐದೂ ಹೆಸರಿನಲ್ಲಿ ಒತ್ತಕ್ಷರವಿದೆ. ಮಗು ಅಷ್ಟು ಬರೆದರೆ ಸಾಕು.