ಬಿಚ್ಚಲು ಬಾರದ ಹಾಸಿಗೆ

ಹಾಸಿಗೆ ಅಂಗಡಿಗಳಲ್ಲಿ ಎಲೆಯ ಚಿತ್ರವಿಲ್ಲದ ಚೀಟಿ ಈಗ ಅಪರೂಪ. ‘ನೈಸರ್ಗಿಕ’, ‘ಪರಿಸರಸ್ನೇಹಿ’, ‘ಆರೋಗ್ಯಕರ’ ಎಂಬ ವಿಶೇಷಣಗಳು ಬೆಲೆಯ ಪಕ್ಕದಲ್ಲೇ ಅಚ್ಚಾಗಿರುತ್ತವೆ. ಆದರೆ ಹಾಸಿಗೆಯ ಒಡಲಲ್ಲಿರುವುದೇನು, ಅದು ಬಂದುದೆಲ್ಲಿಂದ, ಹಳತಾದ ಮೇಲೆ ಹೋಗುವುದೆಲ್ಲಿಗೆ ಎಂಬ ಮೂರು ಪ್ರಶ್ನೆಗಳಿಗೆ ಆ ಚೀಟಿಯಲ್ಲಿ ಉತ್ತರ ಸಿಗುವುದಿಲ್ಲ. ಆಯುಷ್ಯದ ಸುಮಾರು ಮೂರನೆಯ ಒಂದು ಭಾಗವನ್ನು ಮನುಷ್ಯ ಕಳೆಯುವುದು ಹಾಸಿಗೆಯ ಮೇಲೆ. ಅದರ ಬಗ್ಗೆ ಕೊಳ್ಳುವವನಿಗೆ ಇಷ್ಟೊಂದು ಅಜ್ಞಾನವಿರುವುದು ಮಾರುವವನಿಗೆ ಅನುಕೂಲಕರವೇ ಆಗಿದೆ.

ಮೊದಲು ಫೋಮನ್ನು ನೋಡಬೇಕು. ಪಾಲಿಯುರೆಥೇನ್ ಫೋಮ್ ಪೆಟ್ರೋಲಿಯಂ ಮೂಲದ ಪಾಲಿಯಾಲ್ ಹಾಗೂ ಐಸೊಸಯನೇಟುಗಳ ಸಂಯೋಗದಿಂದ ಹುಟ್ಟುತ್ತದೆ. ಟೊಲ್ಯೂನ್ ಡೈಐಸೊಸಯನೇಟ್ ಉಸಿರಿನೊಡನೆ ಒಳಸೇರಿದರೆ ಆಸ್ತಮಾ ತರಬಲ್ಲುದು. ಸಿದ್ಧ ಹಾಸಿಗೆಯಲ್ಲಿ ಅದು ಬಹುತೇಕ ಉಳಿಯುವುದಿಲ್ಲ ಎಂಬುದು ನಿಜ. ಆ ಅಪಾಯದ ಹೊರೆ ಕಾರ್ಖಾನೆಯ ಕಾರ್ಮಿಕನ ಪಾಲಿಗೆ ಬೀಳುತ್ತದೆ. ಬೆಂಕಿ ನಿರೋಧಕವೆಂದು ಫೋಮಿಗೆ ಬೆರೆಸುತ್ತಿದ್ದ ಪೆಂಟಾಬ್ರೋಮೋಡೈಫಿನೈಲ್ ಈಥರ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ವಿಷಪಟ್ಟಿಗೆ ಸೇರಿತು. ಭಾರತದಲ್ಲಿ ಅದರ ನಿಷೇಧವಾದದ್ದು 2018ರ ನಿಯಮಗಳಿಂದ. ಇನ್ನು ಹರಿದ ಫೋಮಿನ ಗತಿಯೇನು? ಹಳ್ಳದ ದಂಡೆ, ಇಲ್ಲವೇ ಬೆಂಕಿ. ಸುಟ್ಟಾಗ ಅದು ಕಾರ್ಬನ್ ಮೊನಾಕ್ಸೈಡನ್ನೂ ಹೈಡ್ರೋಜನ್ ಸಯನೈಡನ್ನೂ ಉಗುಳುತ್ತದೆ.

ಫೋಮಿಗೆ ಪರ್ಯಾಯವೆಂದು ಮಾರುವುದು ‘ನೈಸರ್ಗಿಕ ಲೇಟೆಕ್ಸ್’. ರಬ್ಬರಿನ ಹಾಲು ಮರದಿಂದ ಬರುವುದು ಸತ್ಯವೇ. ಆದರೆ ಬ್ರೆಜಿಲ್ ಮೂಲದ ಆ ಮರ ಸುಳ್ಯ, ಬೆಳ್ತಂಗಡಿಗಳಲ್ಲೂ ಘಟ್ಟದ ಮೇಲಿನ ನರಸಿಂಹರಾಜಪುರದಲ್ಲೂ ಹಬ್ಬಿದಾಗ, ಬಗೆಬಗೆಯ ಮರಗಳಿದ್ದ ಇಳಿಜಾರುಗಳು ಏಕಜಾತಿಯ ತೋಟಗಳಾದವು. ಇಂತಹ ತೋಟದ ಹಾಲನ್ನು ಗಂಧಕ, ಸತುವಿನ ಆಕ್ಸೈಡುಗಳೊಡನೆ ಬೇಯಿಸಿ, ಎಷ್ಟೋ ಸಲ ಕೃತಕ ರಬ್ಬರನ್ನೂ ಬೆರೆಸಿ ಮಾಡಿದ ಹಾಸಿಗೆಗೆ ಎಲೆಯ ಚಿತ್ರ ಅಂಟಿಸುವ ಹಕ್ಕನ್ನು ಕೊಟ್ಟವರು ಯಾರು?

ಕರ್ನಾಟಕಕ್ಕೆ ಹಾಸಿಗೆಯ ವಿದ್ಯೆ ಹೊಸದಲ್ಲ. ಪಿಂಜಾರರು ಊರೂರು ತಿರುಗಿ ಗವಸು ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಲ್ಲಿನಿಂದ ಹಿಂಜಿ, ಅದೇ ಹಾಸಿಗೆಯನ್ನು ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಹಳೆಯ ಹತ್ತಿಗೆ ಮರುಜನ್ಮವಿತ್ತು. ಕೊನೆಗೆ ಗೊಬ್ಬರದ ಗುಂಡಿಯೂ ಅದನ್ನು ಜೀರ್ಣಿಸಿಕೊಳ್ಳುತ್ತಿತ್ತು. ಮಲೆನಾಡಿನ ದಿಂಬುಗಳಿಗೆ ಬೂರುಗದ ಅರಳೆಯಿತ್ತು. ಬೂರುಗದ ಎಳೆ ಟೊಳ್ಳು, ಮೇಲೆ ಮೇಣದ ಲೇಪವಿರುವುದರಿಂದ ಬೇಗನೆ ನೀರು ಹೀರುವುದಿಲ್ಲ. ಬಿಳಿ ಬೂರುಗದ ಅರಳೆಯನ್ನು ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗಳಿಗೂ ತುಂಬುತ್ತಿದ್ದರು. ಇಂತಹ ಮರವನ್ನು ಬೆಂಕಿಕಡ್ಡಿಗೆ, ಪ್ಲೈವುಡ್ಡಿಗೆ ಕಡಿದು ಮುಗಿಸಿದ ನಾಡು ಈಗ ಪ್ಲಾಸ್ಟಿಕ್ಕಿನ ದಿಂಬಿಗೆ ತಲೆಯಿಡುತ್ತಿದೆ.

ಮಳೆಗಾಲದಲ್ಲಿ ಹತ್ತಿಯ ಹಾಸಿಗೆ ಬೂಸ್ಟು ಹಿಡಿಯುತ್ತದೆ, ಬೆನ್ನಿಗೆ ಒಳ್ಳೆಯದಲ್ಲ ಎಂಬ ಆಕ್ಷೇಪವುಂಟು. ತೇವವಿರುವಲ್ಲಿ ಬೂಸ್ಟು, ಧೂಳಿನ ನುಸಿಗಳು ಫೋಮಿನ ಹಾಸಿಗೆಯನ್ನೂ ಬಿಡುವುದಿಲ್ಲ. ತೆಳುವಾದ ಹತ್ತಿಯ ಹಾಸಿಗೆಯನ್ನು ಬಿಸಿಲು ಬಂದ ದಿನ ಅಂಗಳಕ್ಕೆ ಒಯ್ಯಬಹುದು, ಹಲಗೆಗಳ ನಡುವೆ ಗಾಳಿಯಾಡುವ ಮಂಚದ ಮೇಲೆ ಹಾಸಬಹುದು. ಎಂಟು ಅಂಗುಲದ ಫೋಮನ್ನು ಹೊತ್ತು ಒಣಗಿಸುವವರಾರು? ಬೆನ್ನಿನ ವಿಚಾರದಲ್ಲಿ, ಸ್ಪೇನಿನಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯ ಮೇಲೆ ನಡೆದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಲೇಸೆಂದು ಕಂಡಿತು. ಚೆನ್ನಾಗಿ ಹಿಂಜಿ ತುಂಬಿದ ಹತ್ತಿಯಲ್ಲೂ ಆ ಹದ ತರಲು ಸಾಧ್ಯ.

ಹತ್ತಿಯೂ ನಿರ್ದೋಷಿಯಲ್ಲ. ಸಂಕರ ತಳಿಗಳೂ, 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯೂ ‘ಜಯಧರ’ದಂತಹ ದೇಸಿ ಕುಲದ ಮಳೆಯಾಶ್ರಿತ ತಳಿಗಳನ್ನು ಮೂಲೆಗೊತ್ತಿದವು, ಜೊತೆಗೆ ಕೀಟನಾಶಕಗಳ ಸಾಲವೂ ರೈತನ ಮೇಲೆ ಬಿತ್ತು. ನೂಲಿನ ಗಿರಣಿಗೆ ಬೇಡವಾದ ಗಿಡ್ಡ, ಒರಟು ಎಳೆ ಹಾಸಿಗೆಗೆ ಧಾರಾಳವಾಗಿ ಸಾಕು. ವಿಷವಿಲ್ಲದೆ ಬೆಳೆದ ದೇಸಿ ಹತ್ತಿಯನ್ನು ಹಾಸಿಗೆಗೆಂದು ಕೊಳ್ಳುವವರಿದ್ದರೆ ಬಯಲುಸೀಮೆಯ ರೈತನಿಗೂ ಹಿಂಜುವವನಿಗೂ ಕೆಲಸ ಉಳಿಯುತ್ತದೆ. ಆದ್ದರಿಂದ ಹಾಸಿಗೆ ಕೊಳ್ಳುವವರು ಎಲೆಯ ಚಿತ್ರವನ್ನು ಬದಿಗಿಟ್ಟು ಅಂಗಡಿಯಾತನನ್ನು ಮೊದಲು ಇಷ್ಟು ಕೇಳಲಿ: ಇದನ್ನು ಬಿಚ್ಚಿ ತೋರಿಸುವಿರಾ? ಮತ್ತೆ ತುಂಬಿಕೊಡುವಿರಾ? ಹಳತಾದಾಗ ಹಿಂದಕ್ಕೆ ಪಡೆಯುವಿರಾ? ಮೂರಕ್ಕೂ ಇಲ್ಲವೆಂದರೆ ಆ ಹಾಸಿಗೆ ಮನೆಗೆ ಬರುವುದು ಬೇಡ.